ಭಟ್ಟರ ಗಲ್ಲದ ಮೇಲೆ ನಡೆದ ಹಲ್ಲೆ

ಇನ್ನು ಮುಂದೆ ಕಾರ್ಟ್ರಿಜ್ ರೇಜರನ್ನು ಕೈಯಿಂದಲೂ ಮುಟ್ಟುವುದಿಲ್ಲ ಎಂದು ಸರ್ವೇಯರ್ ಗೌರೀಶಂಕರ ಭಟ್ಟರು ಘೋಷಿಸಿದ್ದು 2017ರ ಫೆಬ್ರವರಿಯ ಒಂದು ಭಾನುವಾರ. ಸ್ಥಳ, ಮಲಯಾಳ ರಾಜ್ಯದ ಗಡಿಯೂರು ಬಾಯಾರಿನ ಅವರ ಮನೆಯ ಊಟದ ಮೇಜು. ಸಭಿಕರು, ಹೆಂಡತಿ ವಸುಮತಿ ಒಬ್ಬಳೇ. ಅವಳೂ ಪೂರ್ತಿ ಸಭಿಕಳಲ್ಲ, ಬಸಳೆಸೊಪ್ಪು ಬಿಡಿಸುತ್ತಿದ್ದಳು.

"ಮೂರು ಬ್ಲೇಡು, ಐದು ಬ್ಲೇಡು, ಅದರ ಮೇಲೆ ಜಾರ್ಲಿಕ್ಕೆ ಒಂದು ಪಟ್ಟಿ. ಎಲ್ಲ ಮೋಸ," ಎಂದರು ಭಟ್ಟರು. "ಗಡ್ಡಕ್ಕೆ ಒಂದು ಬ್ಲೇಡು ಸಾಕು. ಹಿಡಿಯುವ ಕೈ ಸರಿ ಇರಬೇಕು, ಅಷ್ಟೆ."

ಇಷ್ಟು ಪೀಠಿಕೆ ಹಾಕಿ, ಕೊರಿಯರಿನಲ್ಲಿ ಬಂದಿದ್ದ ಪೆಟ್ಟಿಗೆಯನ್ನು ತೆರೆದರು. ಒಳಗೆ ನೀಲಿ ಮಖಮಲ್ಲಿನ ಮೇಲೆ, ಮದುವೆಗೆ ಮಾಡಿಸಿದ ಒಡವೆಯ ಹಾಗೆ, ಒಂದು ಉಕ್ಕಿನ ರೇಜರು ಮಲಗಿತ್ತು. ಎರಡು ಬದಿಯೂ ಹರಿತವಾದ ಹಳೇ ಕಾಲದ ಬ್ಲೇಡು ಹಾಕುವಂಥದ್ದು. ಆದರೆ ಇದರ ಕುತ್ತಿಗೆಯಲ್ಲಿ ತಿರುಗುವ ಒಂದು ಬಳೆ, ಬಳೆಯ ಮೇಲೆ ಒಂದರಿಂದ ಒಂಬತ್ತರ ತನಕ ನಂಬ್ರ. ಬಳೆ ತಿರುಗಿಸಿದ ಹಾಗೆ ಬ್ಲೇಡು ಹೆಚ್ಚು ಹೆಚ್ಚು ಹೊರಗೆ ಇಣುಕುತ್ತದೆ. ಒಂದನೇ ನಂಬ್ರ ಪರಮ ಸಾತ್ವಿಕ, ಒಂಬತ್ತನೆಯದು ಉಗ್ರರೂಪ.

"ಇದರಲ್ಲಿ ಮುಖ್ಯ ಎಂತ ಗೊತ್ತುಂಟಾ? ಕೋನ. ಮೂವತ್ತು ಡಿಗ್ರಿ. ಇಪ್ಪತ್ತೆರಡು ವರ್ಷದಿಂದ ನಾನು ಕೋನ ಅಳೆದೇ ಅನ್ನ ತಿನ್ನುವುದು."

"ಅದು ಭೂಮಿ, ಸುಮ್ಮನೆ ಬಿದ್ದಿರ್ತದೆ," ಎಂದಳು ವಸುಮತಿ. "ಗಲ್ಲ ಅಲ್ಲಾಡ್ತದೆ."

ವಸುಮತಿ ತಾಲೂಕು ಆಸ್ಪತ್ರೆಯ ತುರ್ತು ಚಿಕಿತ್ಸೆಯ ವಿಭಾಗದಲ್ಲಿ ಹದಿನೇಳು ವರ್ಷದಿಂದ ನರ್ಸು. ಕತ್ತಿ ತಾಗಿದವರು, ತೆಂಗಿನಮರದಿಂದ ಬಿದ್ದವರು, ಹಂದಿ ಹಾಯ್ದವರು, ಎಲ್ಲರೂ ಅವಳ ಮೇಜಿನ ಮೇಲೆ ಮಲಗಿ ಎದ್ದು ಹೋಗಿದ್ದರು. ಗಾಯಗಳ ಬಗ್ಗೆ ಅವಳಿಗೆ ಯಾವ ಭ್ರಮೆಯೂ ಇರಲಿಲ್ಲ. ಭಟ್ಟರು ಅವಳ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಕಳೆದ ಎರಡು ವಾರಗಳಲ್ಲಿ ಅವರು ಫೋನಿನಲ್ಲಿ ನಲವತ್ತಕ್ಕೂ ಹೆಚ್ಚು ಶೇವಿಂಗ್ ವಿಡಿಯೋ ನೋಡಿ ಮುಗಿಸಿದ್ದರು. ಅಷ್ಟು ಓದಿದ್ದರೆ ಅವರು ತಹಶೀಲ್ದಾರರೇ ಆಗಬಹುದಿತ್ತು.

ಸೋಮವಾರ ಒಂದನೇ ನಂಬ್ರದಲ್ಲಿ ಆರಂಭವಾಯಿತು. ಗಡ್ಡದ ಕೂದಲುಗಳು ಬ್ಲೇಡಿಗೆ ತಲೆ ಬಾಗಿ, ಅದು ದಾಟಿ ಹೋದ ಮೇಲೆ ಮತ್ತೆ ಎದ್ದು ನಿಂತವು. ಮಂಗಳವಾರ ಮೂರಕ್ಕೆ ಏರಿಸಿದರು. ಕೆಲಸ ಚೆನ್ನಾಗಿ ಆಯಿತು. ಬುಧವಾರವೂ ಮೂರು, ಬುಧವಾರವೂ ಚೆನ್ನ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಗೆ ವಿಷಯವೇ ಇರುತ್ತಿರಲಿಲ್ಲ. ಆದರೆ ಭಟ್ಟರಿಗೆ, ಆರು ನಂಬ್ರ ಬಾಕಿ ಇರುವಾಗ ಮೂರರಲ್ಲೇ ನಿಂತವನೆಂಬ ಹೆಸರು ಬೇಡವಾಗಿತ್ತು. ಹೆಸರು ಇಡಲು ಯಾರಿಗೂ ವಿಷಯ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು. ವಿದ್ಯೆ ಪೂರ್ತಿಯಾಗಿ ಕೈವಶವಾದ ಮೇಲೆಯೇ ಕಚೇರಿಯಲ್ಲಿ ಬಹಿರಂಗಪಡಿಸುವುದೆಂದು ಅವರು ಗುಟ್ಟಾಗಿಟ್ಟಿದ್ದರು.

ಗುರುವಾರ ವರ್ಕಾಡಿಯಲ್ಲಿ ಗಡಿ ಅಳತೆ ಇತ್ತು. ಅದು ಸಾಮಾನ್ಯ ಅಳತೆಯಲ್ಲ. ನಿವೃತ್ತ ಅಧ್ಯಾಪಿಕೆ ಪರಮೇಶ್ವರಿಯಕ್ಕ ಮತ್ತು ಅವರ ನೆರೆಯ ಬೋಜ ಎಂಬ ಕೃಷಿಕನ ನಡುವೆ ಎರಡು ಅಡಿ ಅಗಲದ ಒಂದು ಪಟ್ಟೆ ಜಾಗಕ್ಕಾಗಿ ಒಂಬತ್ತು ವರ್ಷದ ಜಗಳ. ಬಾವಿಗೆ ಹೋಗುವ ದಾರಿ ಅದರ ಮೇಲೆಯೇ ಇತ್ತು. ಹಿಂದೆ ಎರಡು ಸಲ ಅಳೆಯಲು ಹೋದವರು ಬೋಜನ ಬಾಯಿಗೆ ಹೆದರಿ ಅಳತೆಯ ಚೈನು ಸುತ್ತಿಕೊಂಡು ವಾಪಸು ಬಂದಿದ್ದರು. ಈ ಸಲ ನೋಟೀಸು ತಲುಪಿದ ದಿನವೂ ಅವನು ಅಂಗಡಿಯ ಮುಂದೆ ನಿಂತು, "ಯಾವ ಸರ್ವೇಯರ್ ಬರ್ತಾನೆ, ಬರ್ಲಿ, ನೋಡುವ," ಎಂದದ್ದನ್ನು ಹತ್ತು ಜನ ಕೇಳಿದ್ದರು.

ಅಂಥಲ್ಲಿಗೆ ಹೋಗುವ ಅಧಿಕಾರಿಯ ಮುಖ ಕನ್ನಡಿಯಂತೆ ಹೊಳೆಯಬೇಕು, ಮಾತಿಗೆ ತೂಕ ಬರುತ್ತದೆ ಎಂದು ಭಟ್ಟರು ತೀರ್ಮಾನಿಸಿದರು. ವಸುಮತಿ ಏಳು ಗಂಟೆಯ ಬಸ್ಸಿಗೆ ಡ್ಯೂಟಿಗೆ ಹೋಗಿಯಾಗಿತ್ತು. ನೊರೆ ತಾಗುತ್ತದೆಂದು ಕನ್ನಡಕ ತೆಗೆದಿಟ್ಟು, ಬಳೆಯನ್ನು ಆರಕ್ಕೆ ತಿರುಗಿಸಿದರು. ಇಂಗ್ಲಿಷ್ ಅಂಕೆಯಲ್ಲಿ ಆರಕ್ಕೂ ಒಂಬತ್ತಕ್ಕೂ ಇರುವ ಭೇದ ಬಾಲ ಮೇಲಿದೆಯೋ ಕೆಳಗಿದೆಯೋ ಎಂಬುದು ಮಾತ್ರ. ಕನ್ನಡಕವಿಲ್ಲದ ನಲವತ್ತೊಂಬತ್ತು ವರ್ಷದ ಕಣ್ಣಿಗೆ ಅಷ್ಟು ಸೂಕ್ಷ್ಮ ಕಾಣಿಸಲಿಲ್ಲ.

ಮೊದಲನೇ ಎಳೆತ ಕೆನ್ನೆಯ ಮೇಲೆ, ನೋವೇ ಆಗಲಿಲ್ಲ. ಆಹಾ ಎಂದುಕೊಂಡರು. ಎರಡನೆಯದು ಗದ್ದದ ಮೇಲೆ. ಕಾರ್ಟ್ರಿಜ್ ಹಿಡಿದು ಇಪ್ಪತ್ತು ವರ್ಷ ಒತ್ತಿ ಎಳೆದ ಕೈ ಅದು. ರೇಜರಿನ ಭಾರವೇ ಸಾಕು, ಒತ್ತಬೇಡಿ ಎಂದು ನಲವತ್ತು ವಿಡಿಯೋಗಳು ಹೇಳಿದ್ದು ತಲೆಗೆ, ಕೈಗೆ ಯಾರೂ ಹೇಳಿರಲಿಲ್ಲ. ಮೂರನೆಯದು ಕಿವಿಯ ಕೆಳಗೆ ದವಡೆಯ ತಿರುವಿನಲ್ಲಿ, ನಾಲ್ಕನೆಯದು ಮೇಲ್ದುಟಿಯ ಮೂಲೆಯಲ್ಲಿ. ಐದನೆಯದಕ್ಕೆ ಕೈ ಎತ್ತುವಾಗ ಕನ್ನಡಿಯಲ್ಲಿ ನೊರೆಯ ಬಣ್ಣ ನೋಡಿದರು. ಮದುವೆಮನೆಯಲ್ಲಿ ಕೊಡುವ ಸ್ಟ್ರಾಬೆರಿ ಐಸ್‌ಕ್ರೀಮಿನ ಬಣ್ಣ.

ಕನ್ನಡಕ ಹಾಕಿ ಬಳೆಯನ್ನು ನೋಡಿದರು. ಒಂಬತ್ತು.

ಪಟಿಕದ ಕಲ್ಲು ಉಜ್ಜಿದರು. ಕಣ್ಣಲ್ಲಿ ನೀರು ಬಂತು, ರಕ್ತ ನಿಲ್ಲಲಿಲ್ಲ. ಪೇಪರಿನ ಚೂರು ಅಂಟಿಸಿದರು. ಅದು ಮೂರು ನಿಮಿಷದಲ್ಲಿ ಕೆಂಪಾಗಿ ಜಾರಿತು. ಕೊನೆಗೆ ವಸುಮತಿಯ ಪ್ರಥಮ ಚಿಕಿತ್ಸೆಯ ಡಬ್ಬಿಗೆ ಕೈ ಹಾಕಿದರು. ಗಾಯಕ್ಕೆ ಎಷ್ಟು ಬಟ್ಟೆ ಬೇಕು ಎಂಬ ಅಂದಾಜು ಅವರಿಗೆ ಇರಲಿಲ್ಲ. ನಾಲ್ಕು ಮಡಿಕೆ ಗಾಜ್ ಬಟ್ಟೆಯನ್ನು ಗದ್ದಕ್ಕಿಟ್ಟು ಪ್ಲಾಸ್ಟರಿನಿಂದ ಅಡ್ಡ ಒಂದು, ಉದ್ದ ಒಂದು ಪಟ್ಟಿ ಹೊಡೆದರು. ದವಡೆಗೂ ಹಾಗೆಯೇ, ಕೆನ್ನೆಗೂ ಹಾಗೆಯೇ. ತುಟಿಯ ಮೇಲೆ ಮಾತ್ರ ಚಿಕ್ಕದು. ಎಲ್ಲ ಮುಗಿದಾಗ ಕನ್ನಡಿಯೊಳಗೆ ಒಬ್ಬ ಗಾಯಾಳು ಯೋಧ ನಿಂತಿದ್ದ. ಗಂಟೆ ಎಂಟೂಕಾಲು. ಅಳತೆಗೆ ಹೋಗದಿದ್ದರೆ ಬೋಜನಿಗೆ ಹೆದರಿದ ಮೂರನೆಯವನು ಎಂದಾಗುತ್ತಿತ್ತು. ಭಟ್ಟರು ಅಂಗಿ ಹಾಕಿಕೊಂಡು ಬಸ್ಸು ಹತ್ತಿದರು.

ಬಸ್ಸಿನಲ್ಲಿ ಇಬ್ಬರು ಎದ್ದು ನಿಂತು ಸೀಟು ಕೊಟ್ಟರು. ಕಂಡಕ್ಟರು ಚೇಂಜು ಕೇಳದೆ ಟಿಕೆಟು ಹರಿದ. ಭಟ್ಟರ ನೋವು ಅರ್ಧ ಇಳಿದದ್ದು ಅಲ್ಲಿಯೇ.

ವರ್ಕಾಡಿಯಲ್ಲಿ ಬಸ್ಸಿಳಿದು, ಬಾಡಿಗೆ ಜೀಪಿನಲ್ಲಿ ಜಾಗದ ಹತ್ತಿರ ಬಂದು ಇಳಿದಾಗ ಪರಮೇಶ್ವರಿಯಕ್ಕ ಗೇಟಿನಲ್ಲೇ ಎದುರಾದರು. ಅವರು ಭಟ್ಟರನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ದೇವರೇ, ಮುಖಕ್ಕೆ ಎಂತ ಆಯ್ತು?"

ಗಡ್ಡ ತೆಗೆಯುವಾಗ ತಾಗಿತು ಎಂದರೆ ಮುಗಿಯುತ್ತಿತ್ತು. ಮೂರೇ ಪದದ ಆ ಸತ್ಯ ಭಟ್ಟರ ನಾಲಗೆಯ ತುದಿಯ ತನಕ ಬಂದಿತ್ತು. ಆದರೆ ಅಷ್ಟು ದೊಡ್ಡ ಬ್ಯಾಂಡೇಜಿಗೆ ಅಷ್ಟು ಚಿಕ್ಕ ಕಾರಣ ಹೇಳಲು ಅವರಿಗೆ ಮನಸ್ಸಾಗಲಿಲ್ಲ. ಬೇಲಿಯ ಆಚೆ ಬೋಜನೂ ನಿಂತು ನೋಡುತ್ತಿದ್ದ.

"ಈ ಕೆಲಸದಲ್ಲಿ ಇದ್ದವರಿಗೆ ಇದೆಲ್ಲ ಇದ್ದದ್ದೇ ಅಕ್ಕ," ಎಂದರು ಭಟ್ಟರು, ದೂರದ ಗುಡ್ಡವನ್ನು ನೋಡುತ್ತ. "ಅಳತೆ ನಿಲ್ಲಬಾರದು."

ಅಳತೆ ನಿಲ್ಲಲಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ ಬೋಜ ಬಾಯಿ ತೆರೆಯಲಿಲ್ಲ. ಚೈನು ಎಳೆಯುವಾಗಲೂ ಇಲ್ಲ, ಎರಡು ಅಡಿ ಪಟ್ಟೆ ಪರಮೇಶ್ವರಿಯಕ್ಕನ ಕಡೆಗೆ ಹೋಯಿತೆಂದು ಹೇಳಿದಾಗಲೂ ಇಲ್ಲ. ಭಟ್ಟರ ಮುಖವನ್ನು ಒಮ್ಮೆ, ನೆಲವನ್ನು ಒಮ್ಮೆ ನೋಡಿದ. ಆಮೇಲೆ ನಿಧಾನವಾಗಿ, "ಇಷ್ಟು ಪೆಟ್ಟಾದ್ರೂ ಬಿಸಿಲಿಗೆ ಬಂದಿದ್ದೀರಲ್ಲ ಸಾರ್. ನಿಮ್ಮ ಹತ್ರ ಎಂತ ಜಗಳ ಮಾಡುದು? ಹಾಕಿ ಕಲ್ಲು," ಎಂದು ಸಹಿ ಹಾಕಿಬಿಟ್ಟ. ಒಂಬತ್ತು ವರ್ಷದ ವ್ಯಾಜ್ಯ ಐವತ್ತು ನಿಮಿಷದಲ್ಲಿ ಮುಗಿಯಿತು. ಭಟ್ಟರು ಜೀಪಿನಲ್ಲಿ ಕೂತು, ಫೋನನ್ನು ಸದ್ದಿಲ್ಲದಂತೆ ಮಾಡಿ, ತೃಪ್ತಿಯಿಂದ ಕಣ್ಣು ಮುಚ್ಚಿದರು.

ಆ ಹೊತ್ತಿಗೆ ಪರಮೇಶ್ವರಿಯಕ್ಕ ಎರಡಕ್ಕೆ ಎರಡು ಕೂಡಿಸುತ್ತಿದ್ದರು. ಬಾಯಿಬಡುಕ ಬೋಜ ಇವತ್ತು ಯಾಕೆ ಮೌನ? ತಪ್ಪು ಮಾಡಿದವನ ಮೌನವಲ್ಲವೇ ಅದು? ಸರ್ವೇಯರು ಬರುವ ದಾರಿಯಲ್ಲಿ ಇವನ ಕಡೆಯವರೇ ಕಾದು ಹೊಡೆದಿರಬೇಕು, ಪಾಪ, ಆ ಮನುಷ್ಯ ಹೆಸರು ಸಹ ಹೇಳಲಿಲ್ಲ. ಅವರು ತಮ್ಮ ಹಳೇ ಶಿಷ್ಯ ಜಯಂತನಿಗೆ ಫೋನು ಮಾಡಿದರು. ಜಯಂತ ಭಟ್ಟರ ಕಚೇರಿಯಲ್ಲೇ ಗುಮಾಸ್ತ, ಅದರ ಮೇಲೆ ನೌಕರರ ಸಂಘಟನೆಯ ಕಾರ್ಯದರ್ಶಿ. ಆರು ತಿಂಗಳಿಂದ ಒಂದು ಹೋರಾಟಕ್ಕೆ ಸರಿಯಾದ ವಿಷಯ ಸಿಗದೆ ಅವನು ಸಪ್ಪೆಯಾಗಿದ್ದ.

ಮಧ್ಯಾಹ್ನ ಭಟ್ಟರು ಕಚೇರಿಗೆ ಕಾಲಿಟ್ಟಾಗ ಬಾಗಿಲಲ್ಲಿ ಶಾಯಿ ಆರದ ಬ್ಯಾನರು ತೂಗುತ್ತಿತ್ತು. ಸರ್ವೇಯರ್ ಗೌರೀಶಂಕರ ಭಟ್ಟರ ಮೇಲೆ ನಡೆದ ಗೂಂಡಾ ಹಲ್ಲೆಯನ್ನು ಖಂಡಿಸಿ ಸಂಜೆ ನಾಲ್ಕಕ್ಕೆ ಪೊಲೀಸ್ ಠಾಣೆಗೆ ಮೆರವಣಿಗೆ. ಕೆಳಗೆ ಮಲಯಾಳದಲ್ಲೂ ಅದನ್ನೇ ಬರೆದಿತ್ತು, ಅಕ್ಷರ ಇನ್ನೂ ದೊಡ್ಡದು.

"ಜಯಂತ, ಅದು ಹಾಗಲ್ಲ..."

"ನೀವು ಮಾತಾಡ್ಬೇಡಿ ಭಟ್ರೇ. ಬಾಯಿ ನೋವಾಗ್ತದೆ. ಸಂಘಟನೆ ಉಂಟು ನಿಮ್ಮ ಹಿಂದೆ."

"ಅಲ್ಲ, ಬೋಜ ಎಂತ ಮಾಡ್ಲಿಲ್ಲ..."

"ಬೆದರಿಸಿದ್ದಾನೆ ಅಂತ ಗೊತ್ತಾಯ್ತು. ಹೆದರ್ಬೇಡಿ. ಅವನನ್ನು ಆಗಲೇ ಠಾಣೆಗೆ ಕರ್ಕೊಂಡು ಹೋಗಿದ್ದಾರೆ. ಡ್ಯೂಟಿಯಲ್ಲಿರುವ ಸರಕಾರಿ ನೌಕರನಿಗೆ ಹೊಡೆದ್ರೆ ಜಾಮೀನು ಸುಲಭಕ್ಕೆ ಸಿಗುದಿಲ್ಲ."

ಯಾರೋ ಸೀಯಾಳ ತಂದು ಕೈಗೆ ಕೊಟ್ಟರು. ಫ್ಯಾನಿನ ಕೆಳಗಿನ ಕುರ್ಚಿ, ಅದು ಸೂಪರಿಂಟೆಂಡೆಂಟರದ್ದು, ಭಟ್ಟರಿಗಾಗಿ ಖಾಲಿಯಾಯಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆ ಕಚೇರಿ ಅವರಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳಿದ್ದಿಲ್ಲ. ಈಗ ಹೇಳಬೇಕು, ಈ ಕ್ಷಣವೇ ಹೇಳಬೇಕು ಎಂದು ಅವರು ಬಾಯಿ ತೆರೆದರು. ಬಾಯೊಳಗೆ ಸೀಯಾಳದ ಸ್ಟ್ರಾ ಇತ್ತು. ಸೀಯಾಳ ಮುಗಿಯುವಷ್ಟರಲ್ಲಿ ಜಯಂತ ಆಟೋ ತರಿಸಿದ್ದ. ಕೇಸು ಗಟ್ಟಿಯಾಗಲು ಗಾಯದ ಸರ್ಟಿಫಿಕೇಟು ಬೇಕಿತ್ತು. ಆಟೋ ನೇರ ತಾಲೂಕು ಆಸ್ಪತ್ರೆಗೆ ಹೋಯಿತು.

ಸುದ್ದಿ ಅಲ್ಲಿಗೆ ಮೊದಲೇ ತಲುಪಿತ್ತು. ವಾಟ್ಸಾಪಿನಲ್ಲಿ ಹಲ್ಲೆ ಎಂದು ಹೊರಟದ್ದು ಮೂರು ಗುಂಪು ದಾಟಿ ಆಸ್ಪತ್ರೆ ಮುಟ್ಟುವಾಗ ಕತ್ತಿಯಿಂದ ಕಡಿದದ್ದು ಎಂದಾಗಿತ್ತು. ಆಟೋ ನಿಂತಾಗ ವಸುಮತಿ ಸ್ಟ್ರೆಚರ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಭಟ್ಟರು ನಡೆದುಕೊಂಡೇ ಇಳಿದುದನ್ನು ನೋಡಿ ಅವಳು ಸ್ಟ್ರೆಚರಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಒಳಗೆ ಕೂರಿಸಿ, ಪ್ಲಾಸ್ಟರನ್ನು ನೀರಿನಿಂದ ಒದ್ದೆ ಮಾಡಿ ಒಂದೊಂದಾಗಿ ಬಿಡಿಸಿದಳು. ಮೊದಲನೇ ಪಟ್ಟಿ ಬಿಡಿಸುವಾಗ ಅವಳ ಬೆರಳು ನಡುಗುತ್ತಿತ್ತು. ಎರಡನೆಯದಕ್ಕೆ ನಡುಕ ಕಡಿಮೆಯಾಯಿತು. ಮೂರನೆಯದು ತೆಗೆದಾಗ ಬೆರಳು ಪೂರ್ತಿ ಸ್ಥಿರವಾಗಿತ್ತು.

ಗಾಯಗಳು ನಾಲ್ಕು. ಒಂದೊಂದೂ ಸ್ಕೇಲಿಟ್ಟು ಎಳೆದ ಹಾಗೆ ನೇರ, ಒಂದು ಇಂಚಿಗಿಂತ ಗಿಡ್ಡ, ಎಲ್ಲವೂ ಮೇಲಿನಿಂದ ಕೆಳಕ್ಕೆ. ಒಂದು ಕೆನ್ನೆಯಲ್ಲಿ ಗಡ್ಡವಿಲ್ಲ, ಇನ್ನೊಂದರಲ್ಲಿ ಹಾಗೆಯೇ ಇದೆ.

ವಸುಮತಿ ಗಂಡನ ಕಣ್ಣನ್ನೇ ನೋಡುತ್ತ, ತಗ್ಗಿದ ದನಿಯಲ್ಲಿ ಕೇಳಿದಳು. "ಎಷ್ಟು?"

"ಒಂಬತ್ತು," ಎಂದರು ಭಟ್ಟರು, ಇನ್ನೂ ತಗ್ಗಿದ ದನಿಯಲ್ಲಿ.

ಪರದೆಯ ಆಚೆ ನಿಂತಿದ್ದ ಜಯಂತನ ಕಿವಿ ಚುರುಕು. "ಒಂಬತ್ತು ಜನವಾ?" ಎಂದವನೇ ಫೋನು ತೆಗೆದು ಹೊರಗೆ ನಡೆದ. ಒಂಬತ್ತು ಜನರ ತಂಡ, ಪೂರ್ವಯೋಜಿತ, ಎಂಬ ಮಾತುಗಳು ಕಾರಿಡಾರಿನ ಉದ್ದಕ್ಕೂ ದೂರವಾಗುತ್ತ ಹೋದವು.

ವಸುಮತಿ ರಿಜಿಸ್ಟರು ತೆರೆದು ಪೆನ್ನು ಹಿಡಿದಳು. "ಡಾಕ್ಟ್ರು ಬರುವ ಮೊದಲು ನಾನು ಬರೀಬೇಕು. ಗಾಯ ಹೇಗೆ ಆಯ್ತು, ಯಾರಿಂದ ಆಯ್ತು. ಎಂತ ಬರೀಲಿ?"

"ಸ್ವಲ್ಪ ಹೊತ್ತು ಬಿಡು ಮಾರಾಯ್ತಿ. ಯೋಚನೆ ಮಾಡ್ತೇನೆ."

"ನೀವು ಯೋಚನೆ ಮಾಡಿ. ಅಷ್ಟರ ತನಕ ಇವರು ಕೂತ್ಕೊಳ್ಲಿ," ಎಂದು ಅವಳು ಪರದೆ ಸರಿಸಿದಳು.

ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದಳು. ಬೋಜನ ಹೆಂಡತಿ ಅಮ್ಮು. ಗಂಡನನ್ನು ಪೊಲೀಸರು ಕರೆದುಕೊಂಡು ಹೋದ ಮೇಲೆ ಬೇರೇನೂ ತೋಚದೆ ಪೆಟ್ಟು ತಿಂದವರ ಹತ್ತಿರವೇ ಬಂದಿದ್ದಳು. ಭಟ್ಟರನ್ನು ಕಂಡು ಎದ್ದು ನಿಂತಳು. ಅಳಲಿಲ್ಲ.

"ಸಾರ್, ಅವರಿಗೆ ಬಾಯಿ ಮಾತ್ರ ಇರುದು. ಮೂವತ್ತು ವರ್ಷದಲ್ಲಿ ನನ್ನ ಮೇಲೆ ಸಹ ಕೈ ಎತ್ತಿದವರಲ್ಲ. ಬೆಳಿಗ್ಗೆ ಮನೆಗೆ ಬಂದು ನಿಮ್ಮ ಮುಖ ನೆನೆಸಿ ಊಟ ಸಹ ಮಾಡ್ಲಿಲ್ಲ. ಪಾಪ ಸರ್ವೇಯರ್ ಅಂತ ಹೇಳ್ತಾ ಇದ್ರು. ಅಷ್ಟರಲ್ಲಿ ಪೊಲೀಸ್ ಬಂದ್ರು." ಚೀಲವನ್ನು ತೋರಿಸಿದಳು. "ಇದು ಅವರ ಬಿ.ಪಿ. ಮದ್ದು. ಅಲ್ಲಿ ಒಳಗೆ ಬಿಡ್ಲಿಲ್ಲ. ನಿಮ್ಮ ಮಾತಿಗಾದ್ರೆ ಬಿಡ್ತಾರಾ ಅಂತ ಬಂದೆ."

ಭಟ್ಟರಿಗೆ ಆ ಹೊತ್ತಿನಲ್ಲಿ ಮುಖದ ನಾಲ್ಕು ಗಾಯಗಳೂ ಒಟ್ಟಿಗೆ ಉರಿದವು. ಅವರು ತಿರುಗಿ ಹೆಂಡತಿಯ ಮುಂದೆ ನಿಂತರು.

"ಬರಿ. ರೇಜರು. ಸ್ವಂತ ಕೈ."

ವಸುಮತಿ ಬರೆದಳು. ಬರೆದು ಮುಗಿಸಿ, ಗದ್ದಕ್ಕೆ ಒಂದು ಚಿಕ್ಕ ಪಟ್ಟಿ ಹಾಕಿದಳು. ಉಳಿದ ಮೂರು ಗಾಯಗಳಿಗೆ ಏನೂ ಬೇಕಾಗಿಯೇ ಇರಲಿಲ್ಲ.

ಠಾಣೆಯ ಎಸ್.ಐ. ತೆಂಕಣದ ಮಲಯಾಳ ಜಿಲ್ಲೆಯವರು. ಅವರ ಕನ್ನಡ ಮಲಯಾಳವನ್ನು ದಾಟಿಕೊಂಡೇ ಬರುತ್ತಿತ್ತು. ಮೂಲೆಯ ಬೆಂಚಿನಲ್ಲಿ ಬೋಜ ತಲೆ ತಗ್ಗಿಸಿ ಕೂತಿದ್ದ. ಅಮ್ಮು ಅವನಿಗೆ ಮಾತ್ರೆ, ನೀರು ಕೊಟ್ಟಳು. ಭಟ್ಟರು ಹೇಳಿಕೆ ಕೊಡಲು ಕೂತರು.

"ಆಯುಧಂ ಎಂತ?"

"ರೇಜರ್."

"ಯಾರ ಕೈಯಲ್ಲಿ ಇತ್ತು?"

"ನನ್ನ ಕೈಯಲ್ಲಿ."

ಎಸ್.ಐ. ಪೆನ್ನು ನಿಲ್ಲಿಸಿದರು. "ಅವರ ಕೈಯಿಂದ ನೀವು ಕಿತ್ತುಕೊಂಡದ್ದಾ?"

"ಅಲ್ಲ. ನಾನೇ ತರಿಸಿದ್ದು. ಆನ್‌ಲೈನಿನಲ್ಲಿ."

"ಮತ್ತೆ ಒಂಬತ್ತು ಆಳು ಅಂತ ಜಯಂತ್ ಸಾರು ಹೇಳಿದ್ದು?"

"ಅದು ಆಳಲ್ಲ. ರೇಜರಿನ ನಂಬ್ರ."

ಎಸ್.ಐ. ಬರೆದದ್ದನ್ನು ಹೊಡೆದು ಹಾಕಿ ಹೊಸ ಹಾಳೆ ತೆಗೆದರು. ಆಮೇಲೆ ಎಲ್ಲವನ್ನೂ ವಿವರವಾಗಿ ಬರೆಸಿಕೊಂಡರು. ಇಡಬೇಕಾಗಿದ್ದ ನಂಬ್ರ, ಇಟ್ಟ ನಂಬ್ರ, ಹಿಡಿಯಬೇಕಾಗಿದ್ದ ಕೋನ, ಕನ್ನಡಕ ಎಲ್ಲಿತ್ತು ಎಂಬುದು. ಪೊಲೀಸರ ಪದ್ಧತಿಯಂತೆ ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಬೋಜ ತಲೆ ಎತ್ತಿ ಕೊನೆಯ ತನಕ ಗಮನವಿಟ್ಟು ಕೇಳಿದ. ಭಟ್ಟರು ಸಹಿ ಹಾಕಿದ ಮೇಲೆ ಎಸ್.ಐ. ಮುಂದಕ್ಕೆ ಬಾಗಿ, "ಆ ಸಾಧನ ಒಳ್ಳೇದಾ?" ಎಂದು ಕೇಳಿದರು.

"ಮೂರರಲ್ಲಿ ಒಳ್ಳೇದು," ಎಂದರು ಭಟ್ಟರು ಪ್ರಾಮಾಣಿಕವಾಗಿ.

ಹೊರಗೆ ಮೆರವಣಿಗೆ ಬಂದು ಮುಟ್ಟಿತ್ತು. ಎಂಬತ್ತು ಜನ, ಒಂದು ಮೈಕು. ಭಟ್ಟರು ಗೇಟಿಗೆ ಹೋಗಿ ಜಯಂತನ ಕಿವಿಯಲ್ಲಿ ವಿಷಯ ಹೇಳಿದರು. ಜಯಂತ ಅವರ ಗದ್ದವನ್ನು ನೋಡಿದ, ಬ್ಯಾನರನ್ನು ನೋಡಿದ, ಹಿಂದೆ ನಿಂತ ಎಂಬತ್ತು ಜನರನ್ನು ನೋಡಿದ.

"ಭಟ್ರೇ, ಮೈಕ್ ಬಂದಾಯ್ತು, ಜನ ಬಂದಾಯ್ತು. ಇನ್ನು ಯಾವುದಕ್ಕಾದ್ರೂ ಕೂಗ್ಲೇಬೇಕು."

ಬ್ಯಾನರನ್ನು ಮಡಚಿ ಒಳಗಿಟ್ಟು, ಖಾಲಿ ಹುದ್ದೆಗಳನ್ನು ಕೂಡಲೇ ಭರ್ತಿ ಮಾಡಬೇಕೆಂದು ಅವರು ಅರ್ಧ ಗಂಟೆ ಕೂಗಿದರು. ಅದನ್ನು ಠಾಣೆಯ ಮುಂದೆ ಯಾಕೆ ಕೂಗುತ್ತಿದ್ದಾರೆಂದು ಪೊಲೀಸರು ಕೇಳಲಿಲ್ಲ.

ಬೋಜ ಹೊರಗೆ ಬಂದು ಭಟ್ಟರ ಎರಡೂ ಕೈ ಹಿಡಿದುಕೊಂಡ. "ದೊಡ್ಡ ಉಪಕಾರ ಆಯ್ತು ಸಾರ್. ಬೇರೆ ಯಾರಾದ್ರೂ ಆಗಿದ್ರೆ ಹೀಗೆ ಬಂದು ಹೇಳ್ತಿರ್ಲಿಲ್ಲ." ಅವನ ಕಣ್ಣು ತೇವವಾಗಿತ್ತು. ಸತ್ಯಕ್ಕೆ ಇಷ್ಟು ಬೆಲೆ ಇರುವುದು ತಿಳಿದಿದ್ದರೆ ಬೆಳಿಗ್ಗೆಯೇ ಹೇಳಬಹುದಿತ್ತು ಎಂದು ಭಟ್ಟರಿಗೆ ಅನ್ನಿಸಿತು. ಮನೆಗೆ ಹೋಗುವ ಬಸ್ಸಿನಲ್ಲಿ ಅವರಿಗೆ ಸೀಟು ಸಿಗಲಿಲ್ಲ. ನಿಂತುಕೊಂಡೇ ಹೋದರು, ಮನಸ್ಸು ಹಗುರವಾಗಿತ್ತು.

ಹದಿನೆಂಟು ದಿನ ಕಳೆದು ತಹಶೀಲ್ದಾರರ ಟೇಬಲ್ಲಿನಿಂದ ಒಂದು ಅರ್ಜಿ ಭಟ್ಟರ ಟೇಬಲ್ಲಿಗೆ ಬಂತು. ಅರ್ಜಿದಾರ ಬೋಜ. ಅಚ್ಚುಕಟ್ಟಾಗಿ ಟೈಪು ಮಾಡಿಸಿದ್ದ. ಸದರಿ ಸರ್ವೇಯರರ ಮುಖದ ಮೇಲಿನ ಗಾಯಗಳನ್ನು ಕಂಡು ಕನಿಕರಪಟ್ಟು ತಾನು ಅಳತೆಗೆ ಆಕ್ಷೇಪ ಹೇಳದೆ ಸಹಿ ಹಾಕಿರುವುದಾಗಿಯೂ, ಸದರಿ ಗಾಯಗಳು ಅವರ ಸ್ವಂತ ಕೈಯಿಂದಲೇ ಆದವೆಂದು ಅವರೇ ಪೊಲೀಸರ ಮುಂದೆ ಒಪ್ಪಿರುವುದಾಗಿಯೂ, ಆರನ್ನೂ ಒಂಬತ್ತನ್ನೂ ಗುರುತಿಸಲಾರದೆ, ತಮ್ಮದೇ ಗಲ್ಲದ ಮೇಲೆ ಕೋನ ತಪ್ಪಿ ನಾಲ್ಕು ಕಡೆ ಗೆರೆ ಎಳೆದ ಅಧಿಕಾರಿಯು ತನ್ನ ಜಾಗದ ಮೇಲೆ ಎಳೆದ ಗೆರೆಯನ್ನು ನಂಬಲು ಸಾಧ್ಯವಿಲ್ಲದ್ದರಿಂದ, ಬೇರೆ ಸರ್ವೇಯರರಿಂದ ಮರು ಅಳತೆ ಮಾಡಿಸಬೇಕಾಗಿಯೂ ಅದರಲ್ಲಿ ಪ್ರಾರ್ಥಿಸಲಾಗಿತ್ತು. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಪಡೆದ ಭಟ್ಟರ ಹೇಳಿಕೆಯ ನಕಲು.

ಅಂಚಿನಲ್ಲಿ ತಹಶೀಲ್ದಾರರು ಹಸಿರು ಶಾಯಿಯಲ್ಲಿ ಬರೆದಿದ್ದರು: ಅರ್ಜಿಯಲ್ಲಿ ಹೇಳಿದ ಸಂಗತಿ ನಿಜವೇ? ಸರ್ವೇಯರರು ಮೂರು ದಿನದೊಳಗೆ ವರದಿ ಸಲ್ಲಿಸುವುದು.

ಭಟ್ಟರು ಮೂರು ದಿನದಲ್ಲಿ ಐದು ಕರಡು ಬರೆದು ಹರಿದರು. ಭೂಮಿಗೂ ಚರ್ಮಕ್ಕೂ ಇರುವ ವ್ಯತ್ಯಾಸದ ಕುರಿತು ಎರಡು ಪುಟದ್ದೊಂದು ಅವುಗಳಲ್ಲಿ ಚೆನ್ನಾಗಿ ಬಂದಿತ್ತು. ಹರಿಯುವ ಮೊದಲು ಅದನ್ನು ವಸುಮತಿಗೆ ಓದಿ ಹೇಳಿದರು.

"ನಿಜವಾ ಅಂತ ಮಾತ್ರ ಕೇಳಿದ್ದಲ್ವಾ ಅವರು?" ಎಂದಳು ಅವಳು.

ಭಟ್ಟರು ಹೊಸ ಹಾಳೆ ತೆಗೆದು, ನಿಜ ಎಂದು ಒಂದೇ ಪದ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳಿಸಿದರು.

ಎರಡು ದಿನದಲ್ಲಿ ಫೈಲು ವಾಪಸು ಬಂತು. ಹಸಿರು ಶಾಯಿಯಲ್ಲಿ ಇನ್ನೊಂದು ಸಾಲು ಸೇರಿತ್ತು: ವರದಿಯೊಂದಿಗೆ ಅಳತೆಯ ಸ್ಕೆಚ್ ಲಗತ್ತಿಸಿಲ್ಲ.

ಭಟ್ಟರು ಸ್ಕೇಲು, ಪೆನ್ಸಿಲು ತೆಗೆದುಕೊಂಡು, ಕನ್ನಡಕ ಹಾಕಿ, ಕನ್ನಡಿಯ ಮುಂದೆ ಕೂತರು.